ಗೊರಕೆ ನಡುವೆ ಉಸಿರು ನಿಂತರೆ ವಿಡಿಯೋ ಮಾಡಿ

ಎಲ್ಲರಿಗೂ ಶರಣು. ಕಲಬುರಗಿ ಸೆಕೆಗೆ ನಾವೆಲ್ಲ ಮಾಳಿಗೆ ಮೇಲೇ ಮಲಗುತ್ತೇವೆ ಅಲ್ವಾ? ಹಾಗೆ ಮಲಗಿದಾಗಲೇ ನಮ್ಮ ಕಾಕಾರ ಗೊರಕೆ ಗಮನಿಸಿದೆ. ಜೋರು ಗೊರಕೆ ಒಮ್ಮೆಲೇ ನಿಂತುಹೋಯಿತು. ಎದೆ ಏರಿಳಿಯುತ್ತಿದೆ, ಉಸಿರಿನ ಸದ್ದೇ ಇಲ್ಲ. ಗಾಬರಿಯಲ್ಲಿ 15ರವರೆಗೆ ಎಣಿಸಿದೆ. ಆಮೇಲೆ ಬೆಚ್ಚಿಬಿದ್ದವರ ಹಾಗೆ ಖರ್ರ್ ಎಂದು ಉಸಿರೆಳೆದರು.

ಇದು ಸ್ಲೀಪ್ ಅಪ್ನಿಯಾ ಇರಬಹುದು. ನಿದ್ದೆಯಲ್ಲಿ ಗಂಟಲು ಸಡಿಲಾಗಿ ಉಸಿರಿನ ದಾರಿ ಮುಚ್ಚುತ್ತದೆ. 10 ಸೆಕೆಂಡಿಗಿಂತ ಜಾಸ್ತಿ ಉಸಿರು ನಿಂತು, ಅದು ಮತ್ತೆ ಮತ್ತೆ ಆಗುತ್ತಿದ್ದರೆ ಸುಮ್ನೆ ಬಿಡಬೇಡಿ. ಎಂಟು ತಾಸು ಮಲಗಿದರೂ ಬೆಳಿಗ್ಗೆ ತಲೆನೋವು, ಹಗಲೆಲ್ಲ ತೂಕಡಿಕೆ. ಬಿಪಿಯೂ ಏರಬಹುದು. ಮಲಗಿದವರಿಗೆ ಇದು ಗೊತ್ತೇ ಆಗುವುದಿಲ್ಲ, ಪಕ್ಕದವರೇ ನೋಡಬೇಕು.

ಮೊಬೈಲಲ್ಲಿ ಎರಡು ನಿಮಿಷ ವಿಡಿಯೋ ಮಾಡಿ. ಮುಖ, ಎದೆ ಎರಡೂ ಕಾಣಬೇಕು. ಅದನ್ನು ಕಿವಿ-ಮೂಗು-ಗಂಟಲಿನ ಡಾಕ್ಟರಿಗೋ ಶ್ವಾಸಕೋಶದ ಡಾಕ್ಟರಿಗೋ ತೋರಿಸಿ. ನಿದ್ದೆಯ ಪರೀಕ್ಷೆ ಬೇಕಾದರೆ ಅವರೇ ಹೇಳುತ್ತಾರೆ. ಅಲ್ಲಿಯವರೆಗೆ ಅಂಗಾತ ಬೇಡ, ಮಗ್ಗುಲಾಗಿ ಮಲಗಿಸಿ. ಕುಡಿತ ಬೇಡವೇ ಬೇಡ. ಡಾಕ್ಟರನ್ನು ಕೇಳದೆ ನಿದ್ದೆ ಮಾತ್ರೆ ಕೊಡಬೇಡಿ, ಉಸಿರಿನ ತೊಂದರೆ ಇನ್ನೂ ಜಾಸ್ತಿಯಾಗಬಹುದು.

ನಮ್ಮ ಕಾಕಾ ಸೇಡಂ ಕಡೆ ಸಿಮೆಂಟ್ ಲಾರಿ ಓಡಿಸುವವರು. ಡಾಕ್ಟರಿಗೆ ತೋರಿಸುವ ತನಕ ಸ್ಟೇರಿಂಗ್ ಮುಟ್ಟಬೇಡಿ ಎಂದು ಕೈಮುಗಿದು ಕೂರಿಸಿದ್ದೇವೆ.