ಬಳಸಿದ ಎಸ್‌ಎಸ್‌ಡಿ ಕೊಂಡೆ, ಹೊಸದಕ್ಕಿಂತ ಚೆನ್ನಾಗಿ ಓಡುತ್ತಿದೆ: ನನ್ನ ಅನುಭವ

"ಸೆಕೆಂಡ್ ಹ್ಯಾಂಡ್ ಎಸ್‌ಎಸ್‌ಡಿನಾ? ಇನ್ನೊಬ್ಬರು ಸವೆಸಿ ಬಿಟ್ಟಿದ್ದಕ್ಕೆ ಯಾಕೆ ದುಡ್ಡು ಸುರೀತೀಯಾ?" ಹೀಗೆ ಕೇಳದವರಿಲ್ಲ. ಹಾರ್ಡ್ ಡಿಸ್ಕ್ ಆದರೆ ಸರಿ, ಫ್ಲ್ಯಾಶ್ (ಎಸ್‌ಎಸ್‌ಡಿಯೊಳಗೆ ಫೈಲ್‌ಗಳು ಕೂರುವ, ಬರೆದಷ್ಟೂ ಸವೆಯುವ ಚಿಪ್) ಮಾತ್ರ ಬಳಸಿದ್ದು ಬೇಡವೇ ಬೇಡ ಅಂದರು. ಈಗ ನನ್ನ ಎಲ್ಲ ಯಂತ್ರಗಳಲ್ಲೂ ಅಂಥ ಡ್ರೈವ್‌ಗಳೇ ಇವೆ. ಬೇಡ ಅಂದವರಲ್ಲೇ ಒಂದಿಬ್ಬರಿಗೆ ನಾನೇ ಹುಡುಕಿ ಹಾಕಿಕೊಟ್ಟಿದ್ದೇನೆ. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ಮೊದಲು ಹೊಸದನ್ನೇ ತಗೊಂಡಿದ್ದೆ. ಹೆಸರಿರುವ ಕಂಪನಿಯದೇ, ಆದರೆ ಅವರ ಅತಿ ಅಗ್ಗದ 480 ಜಿಬಿ ಸಾಟಾ (ಹಾರ್ಡ್ ಡಿಸ್ಕಿನ ಕನೆಕ್ಟರಿಗೇ ಕೂರುವ) ಮಾದರಿ. ಡಬ್ಬದ ಮೇಲೆ ಸೆಕೆಂಡಿಗೆ 500 ಎಂಬಿ ಅಂತ ದಪ್ಪಕ್ಷರದಲ್ಲಿತ್ತು. ಬೂಟ್ ಆಗುವಾಗ ಏನೂ ತಕರಾರಿಲ್ಲ. ಒಂದು ದಿನ 60 ಜಿಬಿ ಆಸುಪಾಸಿನ ವಿಡಿಯೊ ಫೋಲ್ಡರ್ ಕಾಪಿ ಮಾಡಲು ಬಿಟ್ಟೆ. ಮೊದಲ ಹತ್ತು ಹನ್ನೆರಡು ಜಿಬಿ ಜೋರಾಗಿ ಹೋಯಿತು. ಆಮೇಲೆ ವೇಗ ಧಬಕ್ಕನೆ 50ಕ್ಕೆ ಇಳಿಯಿತು. ನಡುನಡುವೆ ಸೊನ್ನೆಗೆ ಬಂದು ನಿಲ್ಲುವುದು, ಮತ್ತೆ ತೆವಳುವುದು. ಹಾರ್ಡ್ ಡಿಸ್ಕೇ ಇದಕ್ಕಿಂತ ವಾಸಿ. ಎಸ್‌ಎಲ್‌ಸಿ ಕ್ಯಾಶ್, ಅಂದರೆ ಬರೆದದ್ದನ್ನು ಮೊದಲು ಬೇಗ ಹಿಡಿದಿಟ್ಟುಕೊಳ್ಳುವ ಚಿಕ್ಕ ಜಾಗ, ತುಂಬಿದ ಮೇಲೆ ಅಸಲಿ ಫ್ಲ್ಯಾಶ್‌ನ ಯೋಗ್ಯತೆ ಅಷ್ಟೇ. ಡಿರ‍್ಯಾಮ್ (ಯಾವುದು ಎಲ್ಲಿದೆ ಅನ್ನುವ ಪಟ್ಟಿ ಇಟ್ಟುಕೊಳ್ಳಲು ಡ್ರೈವ್‌ಗೇ ಇರುವ ಮೆಮೊರಿ) ಬೇರೆ ಇಲ್ಲ. ಎನ್‌ವಿಎಂಇ (ಸಾಟಾಗಿಂತ ವೇಗದ, ಹೊಸ ಬಗೆಯ ಎಸ್‌ಎಸ್‌ಡಿ) ಆಗಿದ್ದರೆ ಕಂಪ್ಯೂಟರಿನ ರ‍್ಯಾಮ್‌ನಲ್ಲೇ ಒಂದು ಚೂರು ಸಾಲ ತಗೊಂಡು ಸುಧಾರಿಸಿಕೊಳ್ಳುತ್ತಿತ್ತು. ಸಾಟಾದಲ್ಲಿ ಆ ಸೌಲಭ್ಯವೂ ಇಲ್ಲ.

ಬದಲಿ ಕೇಳಿ ತರಿಸಿಕೊಂಡೆ. ಅದೇ ಡಬ್ಬ, ಅದೇ ಮಾದರಿ ಸಂಖ್ಯೆ. ಫರ್ಮ್‌ವೇರ್ (ಡ್ರೈವ್ ಒಳಗಿನ ಸಾಫ್ಟ್‌ವೇರ್) ಸಂಖ್ಯೆ ಮಾತ್ರ ಬೇರೆ. ಕಂಟ್ರೋಲರ್, ಅಂದರೆ ಡ್ರೈವನ್ನು ನಡೆಸುವ ಚಿಪ್, ನೋಡಿದರೆ ಅದೂ ಬೇರೆ! ಇದು ಇನ್ನೂ ನಿಧಾನ. ಹೊರಗೆ ಒಂದು ಹೆಸರು, ಒಳಗೆ ಕೈಗೆ ಸಿಕ್ಕ ಸಾಮಾನು. ಹೊಸದು ಕೊಂಡರೂ ಒಳಗೇನಿದೆ ಗೊತ್ತಾಗಲ್ಲ ಅಂದ ಮೇಲೆ, ಒಳಗೇನಿದೆ ಅಂತ ಖಚಿತವಾಗಿ ಗೊತ್ತಿರುವ ಹಳೆಯದನ್ನೇ ಯಾಕೆ ಕೊಳ್ಳಬಾರದು ಅಲ್ವಾ? ನನ್ನ ಲೆಕ್ಕಾಚಾರ ಇಷ್ಟೇ.

ಆಫೀಸುಗಳು ಮೂರ್ನಾಲ್ಕು ವರ್ಷ ಬಳಸಿ ತೆಗೆದುಹಾಕುವ ಲ್ಯಾಪ್‌ಟಾಪ್‌ಗಳಿಂದ ಬಿಚ್ಚಿದ ಡ್ರೈವ್‌ಗಳು ಮಾರಾಟಕ್ಕೆ ಬರುತ್ತವೆ. ಮೈಕ್ರಾನ್ 1100, ಸ್ಯಾಮ್‌ಸಂಗ್ ಪಿಎಂ871 ಇಂಥವು. ಟಿಎಲ್‌ಸಿ ಫ್ಲ್ಯಾಶ್ (ಒಂದೊಂದು ಕೋಶದಲ್ಲಿ ಮೂರು ಬಿಟ್ ಇಡುವ ಬಗೆ), ಜೊತೆಗೆ ಡಿರ‍್ಯಾಮ್. ಇವುಗಳನ್ನು ಬಿಡಿಯಾಗಿ ಕೊಂಡವರಿಗೆ ಕಂಪನಿ ವಾರಂಟಿ ಕೊಡುವುದಿಲ್ಲ, ಅದಕ್ಕೇ ಬೆಲೆ ಬಿದ್ದಿರುತ್ತದೆ. ನನ್ನ ಹಳೆ ಲ್ಯಾಪ್‌ಟಾಪ್‌ಗೆ ಸಿಕ್ಕಿದ್ದು 256 ಜಿಬಿಯ ಮೈಕ್ರಾನ್ 1100. ಅಷ್ಟೇ ಜಿಬಿಯ ಒಳ್ಳೆ ಹೊಸ ಡ್ರೈವ್‌ನ ಅರ್ಧ ಬೆಲೆಯೂ ಆಗಲಿಲ್ಲ. ಕಂಪನಿ ಅದಕ್ಕೆ ಹೇಳಿರುವ ಬರಹದ ಮಿತಿ 120 ಟಿಬಿ. ಅದರಲ್ಲಿ ಬರೆದಿದ್ದು 11 ಟಿಬಿ ಚಿಲ್ಲರೆ. ಗಂಟೆ ಮಾತ್ರ ಆರೇಳು ಸಾವಿರ ಓಡಿತ್ತು. ಓಡಲಿ ಬಿಡಿ. ಎಸ್‌ಎಸ್‌ಡಿಯಲ್ಲಿ ತಿರುಗಿ ಸವೆಯುವ ಭಾಗವೇ ಇಲ್ಲ, ಸವೆಸುವುದು ಬರಹ. ಆಫೀಸಿನ ಯಂತ್ರ ಅಂದರೆ ದಿನವಿಡೀ ಆನ್ ಆಗಿರುತ್ತದೆ, ಬರೆಯುವುದು ನಾಲ್ಕು ಮೇಲ್, ಎರಡು ಶೀಟ್.

ಮಾರುವವರ ಹತ್ತಿರ ಕ್ರಿಸ್ಟಲ್‌ಡಿಸ್ಕ್‌ಇನ್ಫೊ (ಡ್ರೈವ್ ತನ್ನ ಬಗ್ಗೆ ತಾನೇ ಇಟ್ಟ ಲೆಕ್ಕ, ಅಂದರೆ ಸ್ಮಾರ್ಟ್ ಪಟ್ಟಿ, ತೋರಿಸುವ ಸಾಫ್ಟ್‌ವೇರ್) ಪರದೆಯ ಚಿತ್ರ ಕೇಳಿ. ಮೇಲಿನ 'ಹೆಲ್ತ್' ಶೇಕಡಾ ಅಲ್ಲ, ಕೆಳಗಿನ ಪೂರ್ತಿ ಪಟ್ಟಿ ಬೇಕು. ಒಟ್ಟು ಬರಹದ ಸಂಖ್ಯೆ ಕೆಲವು ಡ್ರೈವ್‌ಗಳಲ್ಲಿ 512 ಬೈಟ್‌ನ ಸೆಕ್ಟರ್ ಲೆಕ್ಕದಲ್ಲಿರುತ್ತದೆ, ಇನ್ನು ಕೆಲವಲ್ಲಿ 32 ಎಂಬಿ ಲೆಕ್ಕ, ಮತ್ತೆ ಕೆಲವಲ್ಲಿ ನೇರ ಜಿಬಿ. ಹಾಗಾಗಿ ದೊಡ್ಡ ಅಂಕಿ ನೋಡಿ ಗಾಬರಿ ಬೇಡ, ಚಿಕ್ಕ ಅಂಕಿ ನೋಡಿ ಖುಷಿಯೂ ಬೇಡ. ಗಂಟೆ ಹತ್ತು ಹನ್ನೆರಡು ಇದ್ದು, ಆನ್ ಮಾಡಿದ ಸಲಗಳು ಒಂಬೈನೂರು ಇದ್ದರೆ ಯಾರೋ ಲೆಕ್ಕ ಅಳಿಸಿದ್ದಾರೆ ಅಂತ ಅರ್ಥ. ಇದು ಎಲ್ಲರಿಗೂ ಗೊತ್ತಿರುವ ಗುರುತು. ನೀಟಾಗಿ ಅಳಿಸಿದ್ದನ್ನೂ ಹಿಡಿಯಲು ನಾನು ಇನ್ನೆರಡು ಅಂಕಿಗಳನ್ನು ತಾಳೆ ನೋಡುತ್ತೇನೆ. ಅವು ಯಾವುವು ಅಂತ ಬರೆಯಲ್ಲ. ಬರೆದರೆ ಅಳಿಸುವವರೂ ಓದುತ್ತಾರೆ!

ಡ್ರೈವ್ ಕೈಗೆ ಬಂದ ಮೇಲೆ ಅಸಲಿ ಪರೀಕ್ಷೆ. ಇಲ್ಲಿ ಸುಮಾರು ಜನ ಓದುವ ಸ್ಕ್ಯಾನ್ ಮಾಡಿ, ಎಲ್ಲ ಹಸಿರು ಬಂತು ಅಂತ ಸುಮ್ಮನಾಗುತ್ತಾರೆ. ಅದರಿಂದ ಏನೂ ತಿಳಿಯುವುದಿಲ್ಲ. ಮಾರುವವರು ಡ್ರೈವ್ ಅಳಿಸಿ ಟ್ರಿಮ್ (ಈ ಜಾಗ ಖಾಲಿ ಅಂತ ಡ್ರೈವ್‌ಗೆ ಹೇಳುವುದು) ಆಗಿದ್ದರೆ, ಓದಿದಾಗ ಕಂಟ್ರೋಲರ್ ಫ್ಲ್ಯಾಶ್ ಕಡೆ ತಿರುಗಿಯೂ ನೋಡದೆ ಸೊನ್ನೆಗಳನ್ನು ಕೊಟ್ಟುಬಿಡುತ್ತದೆ. ವೇಗ ಭರ್ಜರಿಯಾಗಿ ಕಾಣುತ್ತದೆ, ಪರೀಕ್ಷೆ ಆಗಿರುವುದು ಕೇಬಲ್ ಮಾತ್ರ. ಮೊದಲು ಪೂರ್ತಿ ತುಂಬುವಷ್ಟು ಬರೆಯಬೇಕು, ಆಮೇಲೆ ಅದನ್ನೇ ಓದಿ ಹೋಲಿಸಬೇಕು. ಲಿನಕ್ಸ್‌ನಲ್ಲಿ ಎಫ್3, ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯು ಸಾಕು. ಸುಮ್ನೆ ಸೊನ್ನೆ ಬರೆಯಬೇಡಿ. ಹಳೆಯ ಸ್ಯಾಂಡ್‌ಫೋರ್ಸ್ ಕಂಟ್ರೋಲರ್‌ಗಳು ಸೊನ್ನೆಗಳನ್ನು ಕುಗ್ಗಿಸಿ ಮುಗಿಸಿಬಿಡುತ್ತವೆ. 256 ಜಿಬಿ ತುಂಬಿ ಓದಲು ಹತ್ತಿರ ಹತ್ತಿರ ಒಂದು ಗಂಟೆ ಹಿಡಿಯಿತು ಅಂತ ನೆನಪು. ಮುಗಿದ ಮೇಲೆ ಸ್ಮಾರ್ಟ್ ಪಟ್ಟಿ ಮತ್ತೆ ತೆಗೆದು ಹಳೆಯದರ ಪಕ್ಕ ಇಟ್ಟು ನೋಡಿದೆ. 05 ಸಾಲು, ಅಂದರೆ ಬದಲಾಯಿಸಿದ ಬ್ಲಾಕ್‌ಗಳು, ಅಲ್ಲಾಡಿರಲಿಲ್ಲ.

ಸಿ7 ಸಾಲು ಮಾತ್ರ ಏರಿತ್ತು. ಸಿಆರ್‌ಸಿ ತಪ್ಪುಗಳು, ಅಂದರೆ ಡ್ರೈವ್‌ಗೂ ಕಂಪ್ಯೂಟರಿಗೂ ನಡುವೆ ಸಾಗುವಾಗ ಮಾಹಿತಿ ಕೆಟ್ಟ ಸಲಗಳು, ಐದಾರು ಇದ್ದದ್ದು ಮೂವತ್ತು ದಾಟಿತ್ತು. ನೋಡುತ್ತಿದ್ದ ಗೆಳೆಯ "ನಾನು ಹೇಳಿರಲಿಲ್ವಾ?" ಅಂದ. ಆದರೆ ಸಿ7 ಏರಿದರೆ ಮೊದಲು ಹಿಡಿಯಬೇಕಾದ್ದು ಕೇಬಲ್ಲನ್ನು. ಲ್ಯಾಪ್‌ಟಾಪ್ ಬಿಚ್ಚಿದರೆ ಡ್ರೈವ್‌ಗೆ ಬರುವ ಚಪ್ಪಟೆ ಕೇಬಲ್ ಒಂದು ಮೂಲೆಯಲ್ಲಿ ಮಡಿಚಿ ಬೆಳ್ಳಗಾಗಿತ್ತು. ಹಾರ್ಡ್ ಡಿಸ್ಕ್ 9.5 ಮಿಲಿಮೀಟರ್ ದಪ್ಪ, ಎಸ್‌ಎಸ್‌ಡಿ 7. ಆ ಎರಡೂವರೆ ಮಿಲಿಮೀಟರ್ ಸಡಿಲದಲ್ಲಿ ಡ್ರೈವ್ ಅಲ್ಲಾಡಿ ಕನೆಕ್ಟರ್ ಬೇರೆ ಸರಿಯಾಗಿ ಕೂರುತ್ತಿರಲಿಲ್ಲ. ಕೇಬಲ್ ಬದಲಾಯಿಸಿ, ಪ್ಲಾಸ್ಟಿಕ್ ಚೌಕಟ್ಟು ಹಾಕಿ ಕೂರಿಸಿದೆ. ಸಿ7 ಅಲ್ಲೇ ನಿಂತಿತು. ನೆನಪಿರಲಿ, ಆ ಅಂಕಿ ಕೆಳಗಿಳಿಯುವುದಿಲ್ಲ, ಏರುತ್ತಿದೆಯಾ ಅನ್ನುವುದಷ್ಟೇ ಮುಖ್ಯ. ಎಷ್ಟು ಒಳ್ಳೆಯ ಡ್ರೈವ್‌ಗಳು ಈ ಒಂದು ಸಾಲಿನಿಂದ ವಾಪಸ್ ಹೋಗುತ್ತವೋ!

ಪರೀಕ್ಷೆ ಮುಗಿದ ಮೇಲೆ ಸೆಕ್ಯೂರ್ ಇರೇಸ್, ಅಂದರೆ ಡ್ರೈವ್ ತನ್ನನ್ನೇ ಪೂರ್ತಿ ಅಳಿಸಿಕೊಳ್ಳುವ ಆಜ್ಞೆ. ಅದಕ್ಕೆ ಬಳಸುವ ಲಿನಕ್ಸ್‌ನ ಎಚ್‌ಡಿಪಾರ್ಮ್‌ನಲ್ಲಿ 'ಫ್ರೋಜನ್' (ಆ ಆಜ್ಞೆಗೆ ಬೀಗ ಬಿದ್ದಿದೆ) ಅಂತ ಬಂದರೆ ಲ್ಯಾಪ್‌ಟಾಪನ್ನು ಒಮ್ಮೆ ಸ್ಲೀಪ್‌ಗೆ ಕಳಿಸಿ ಎಬ್ಬಿಸಿ, ಬಹಳ ಸಲ ಬಿಟ್ಟುಕೊಡುತ್ತದೆ. ಒಂದೆರಡು ನಿಮಿಷದ ಕೆಲಸ. ಆಮೇಲೆ ಕ್ಲೋನಜಿಲ್ಲಾದಲ್ಲಿ ಹಳೆ ಡಿಸ್ಕಿನ ಪ್ರತಿ. ಕೊನೆಗೆ ಹತ್ತಿರ ಹತ್ತಿರ 20 ಜಿಬಿ ಜಾಗವನ್ನು ಪಾರ್ಟಿಷನ್ ಮಾಡದೆ ಹಾಗೇ ಬಿಟ್ಟೆ, ಡ್ರೈವ್ ತುಂಬಿದಾಗಲೂ ಕಂಟ್ರೋಲರ್‌ಗೆ ಕೈಯಾಡಿಸಲು ಜಾಗ ಇರಲಿ ಅಂತ.

ಈ ಲ್ಯಾಪ್‌ಟಾಪ್‌ನದು ಸಾಟಾ 2, ಅಂದರೆ ಈಗಿನ ಸಾಟಾದ ಅರ್ಧ ವೇಗದ ಹಳೆ ಪೀಳಿಗೆ. "ಇದಕ್ಕೆ ಎಸ್‌ಎಸ್‌ಡಿ ದಂಡ, ಅರ್ಧ ವೇಗವೂ ಬರಲ್ಲ" ಅನ್ನುವುದು ಇನ್ನೊಂದು ಉಪದೇಶ. ನಿಜ, ಸಾಲಾಗಿ ಓದುವಾಗ 260-270ರಲ್ಲಿ ನಿಲ್ಲುತ್ತದೆ. ಆದರೆ ದಿನದ ಕೆಲಸದಲ್ಲಿ ಯಾರು ಸಾಲಾಗಿ ಓದುತ್ತಾರೆ? 4ಕೆ (ನಾಲ್ಕು ನಾಲ್ಕು ಕೆಬಿ ತುಣುಕುಗಳ) ಬಿಡಿ ಬಿಡಿ ಓದಿನಲ್ಲಿ ಹಳೆ ಹಾರ್ಡ್ ಡಿಸ್ಕ್ ಸೆಕೆಂಡಿಗೆ ಅರ್ಧ ಎಂಬಿ ಕೊಡುತ್ತಿತ್ತು, ಇದು 20ರ ಮೇಲೆ ಕೊಡುತ್ತದೆ. ಆ ವೇಗಕ್ಕೆ ಸಾಟಾ 2 ಅಡ್ಡವೇ ಆಗುವುದಿಲ್ಲ. ಬೂಟ್ ಆಗಿ ಬ್ರೌಸರ್ ತೆರೆಯಲು ಎರಡು ನಿಮಿಷದ ಮೇಲೆ ಆಗುತ್ತಿತ್ತು, ಈಗ ಇಪ್ಪತ್ತು ಸೆಕೆಂಡ್ ಆಸುಪಾಸು. ಬಯಾಸ್‌ನಲ್ಲಿ (ಕಂಪ್ಯೂಟರ್ ಆನ್ ಆದಾಗ ಮೊದಲು ಓಡುವ ಸಾಫ್ಟ್‌ವೇರ್) ಡ್ರೈವ್ ಜೊತೆ ಮಾತಾಡುವ ಬಗೆ ಹಳೆಯ ಐಡಿಇ ಬದಲು ಎಎಚ್‌ಸಿಐ ಇದೆಯಾ ನೋಡಿಕೊಳ್ಳಿ, ಅಷ್ಟೇ.

ರುಚಿ ಹತ್ತಿದ ಮೇಲೆ ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ಹಳೆ ಡೆಸ್ಕ್‌ಟಾಪ್‌ನ ಗ್ರಾಫಿಕ್ಸ್ ಸ್ಲಾಟ್ ಖಾಲಿ ಇತ್ತು. ಅದಕ್ಕೆ ಅಡಾಪ್ಟರ್ ಕಾರ್ಡ್ ಹಾಕಿ ಬಳಸಿದ ಎನ್‌ವಿಎಂಇ ಒಂದನ್ನು ಕೂರಿಸಿದೆ. ಬಯಾಸ್‌ಗೆ ಅದು ಕಾಣಿಸಲೇ ಇಲ್ಲ, ಬೂಟ್ ಆಗುವ ಮಾತೇ ಇಲ್ಲ. ಲಿನಕ್ಸ್‌ನ ಬೂಟ್ ಭಾಗವನ್ನಷ್ಟೇ ಪೆನ್ ಡ್ರೈವ್‌ಗೆ ಹಾಕಿ, ಉಳಿದದ್ದೆಲ್ಲ ಎನ್‌ವಿಎಂಇಯಲ್ಲಿಟ್ಟೆ. ಕರ್ನಲ್ (ಲಿನಕ್ಸ್‌ನ ತಿರುಳು) ಎದ್ದ ಮೇಲೆ ಬಯಾಸ್‌ನ ಹಂಗಿಲ್ಲ. ಕೆಲಸ ಮಾಡುತ್ತಿದೆ. ಆದರೆ ಸಾಟಾ ಡ್ರೈವ್‌ಗೂ ಇದಕ್ಕೂ ದಿನಬಳಕೆಯಲ್ಲಿ ವ್ಯತ್ಯಾಸ ಗೊತ್ತಾಯಿತಾ ಅಂದರೆ, ದೊಡ್ಡ ಫೈಲ್ ಕಾಪಿ ಬಿಟ್ಟರೆ ಇಲ್ಲ. ಅಡಾಪ್ಟರ್ ದುಡ್ಡು ಖುಷಿಗೆ ಖರ್ಚು ಅಂತ ಬರೆದುಕೊಂಡೆ.

ಇನ್ನೊಂದು, ಬೇಕೆಂದೇ ಕೊಂಡದ್ದು: ಹೆಸರೇ ಕೇಳಿರದ ಬ್ರ್ಯಾಂಡಿನ, ನಂಬಲಾಗದಷ್ಟು ಅಗ್ಗದ, ಯುಎಸ್‌ಬಿಯ '2 ಟಿಬಿ ಎಸ್‌ಎಸ್‌ಡಿ'. ಎಫ್3 ಹೇಳಿದ್ದು 60 ಜಿಬಿ ಚಿಲ್ಲರೆ. ಬಿಚ್ಚಿದರೆ ಒಳಗೆ ಒಂದು ಮೆಮೊರಿ ಕಾರ್ಡ್, ತೂಕಕ್ಕೆ ಒಂದು ಕಬ್ಬಿಣದ ತುಂಡು. ಅದನ್ನು ಈಗಲೂ ಇಟ್ಟುಕೊಂಡಿದ್ದೇನೆ. ವಾದಕ್ಕೆ ಬಂದವರಿಗೆ ತೋರಿಸಲು ಬೇಕಾಗುತ್ತದೆ.

ಹಣದ ಲೆಕ್ಕ ಹೀಗಿದೆ. ಡ್ರೈವ್, ಕೇಬಲ್, ಚೌಕಟ್ಟು ಎಲ್ಲ ಸೇರಿ ಒಳ್ಳೆಯ ಹೊಸ ಡ್ರೈವ್ ಬೆಲೆಯ ಮುಕ್ಕಾಲು ಪಾಲಿನೊಳಗೆ ಮುಗಿಯಿತು. ಎರಡನೆಯ ಡ್ರೈವ್‌ಗೆ ಕೇಬಲ್ ಖರ್ಚಿಲ್ಲ, ಅರ್ಧದಲ್ಲೇ ಆಯಿತು. ಬಳಸಿದ್ದರಲ್ಲಿ ಒಂದು ಕೈಕೊಟ್ಟಿತು, ತುಂಬಿಸಿ ಓದುವಾಗಲೇ ತಪ್ಪು ಬಂತು. ವಾಪಸ್ ಕೊಡುವ ಅವಧಿ ಇನ್ನೂ ಇತ್ತು, ದುಡ್ಡು ಬಂತು. ಅದಕ್ಕೇ ವಾಪಸ್ ತಗೊಳ್ಳಲ್ಲ ಅನ್ನುವವರ ಹತ್ತಿರ ಎಷ್ಟೇ ಅಗ್ಗವಾದರೂ ಕೊಳ್ಳುವುದಿಲ್ಲ, ಬಂದ ದಿನವೇ ಪರೀಕ್ಷೆಗೆ ಹಾಕುತ್ತೇನೆ. ಬಿಚ್ಚಿದ ಹಾರ್ಡ್ ಡಿಸ್ಕ್ ಈಗ ಡಿವಿಡಿ ಡ್ರೈವ್ ತೆಗೆದ ಜಾಗದಲ್ಲಿ ಕೂರುವ ಕ್ಯಾಡಿ ಅನ್ನುವ ಚೌಕಟ್ಟಿನಲ್ಲಿದೆ, ವಾರಕ್ಕೊಮ್ಮೆ ಎಸ್‌ಎಸ್‌ಡಿಯ ಬ್ಯಾಕಪ್ ಅದಕ್ಕೇ ಹೋಗುತ್ತದೆ. ಕ್ಯಾಡಿ ಕೊಳ್ಳುವ ಮೊದಲು ಡಿವಿಡಿ ಡ್ರೈವ್‌ನ ದಪ್ಪ ಅಳೆಯಿರಿ, 9.5 ಮತ್ತು 12.7 ಮಿಲಿಮೀಟರ್ ಎರಡೂ ಬರುತ್ತವೆ.