ರಾಡ್ ಹಾಕಿದ ಕಾಲಿಗೆ ಭಾರ ಬೇಕು

ಮಂಡಿಯ ಕೆಳಗಿನ ದೊಡ್ಡ ಮೂಳೆ ಟಿಬಿಯಾ ಮುರಿದುಕೊಂಡು ಬರುವವರಲ್ಲಿ ನಮ್ಮಲ್ಲಿ ಹೆಚ್ಚಿನವರು ಬೈಕ್ ಸವಾರರು. ಈ ಮೂಳೆಯ ಮುಂಭಾಗಕ್ಕೆ ಮಾಂಸದ ಹೊದಿಕೆಯೇ ಇಲ್ಲ, ಇರುವುದು ಬರೀ ಚರ್ಮ. ಅದರಲ್ಲೂ ಕೆಳಗಿನ ಮೂರನೇ ಒಂದು ಭಾಗಕ್ಕೆ ರಕ್ತಸಂಚಾರ ಕಡಿಮೆ. ಹಾಗಾಗಿ ಮುರಿದ ಜಾಗವನ್ನು ಕೊಯ್ದು ತೆರೆಯದೆ ಮಂಡಿಯ ಕಡೆಯಿಂದ ಮೂಳೆಯ ಪೊಳ್ಳಿನೊಳಗೆ ರಾಡ್ ಇಳಿಸುವುದೇ ನನಗೆ ಇಷ್ಟ. ಮುರಿದಲ್ಲಿ ಕಟ್ಟಿಕೊಂಡ ರಕ್ತದಲ್ಲೇ ಹೊಸ ಮೂಳೆಯ ಕೆಲಸ ಶುರುವಾಗುತ್ತದೆ. ಅದನ್ನು ಕದಡದಿದ್ದಷ್ಟೂ ಒಳ್ಳೆಯದು.

ಟೇಬಲ್ ಮೇಲೆ ಮಲಗಿಸಿದ ಕೂಡಲೇ ಚೆನ್ನಾಗಿರುವ ಕಾಲನ್ನು ನೋಡಿಕೊಳ್ಳುತ್ತೇನೆ. ಪಾದ ಎಷ್ಟು ಹೊರಕ್ಕೆ ತಿರುಗಿದೆ ಎಂಬುದು ಒಬ್ಬೊಬ್ಬರಲ್ಲಿ ಒಂದೊಂದು ಥರ. ಹಸಿರು ಬಟ್ಟೆ ಹೊದಿಸಿದ ಮೇಲೆ ಅದು ಕಾಣುವುದಿಲ್ಲ, ತಿರುಚಿ ಕೂಡಿದ ಮೂಳೆಯನ್ನು ಆಮೇಲೆ ಸರಿಮಾಡಬೇಕೆಂದರೆ ಇನ್ನೊಂದು ಆಪರೇಷನ್ನೇ ಬೇಕು.

ಮಂಡಿಚಿಪ್ಪಿನ ಕೆಳಗೆ ಸಣ್ಣ ಗಾಯ ಮಾಡಿ, ದಬ್ಬಳದಂಥ ಚೂಪು ಸಾಧನವಾದ ಆಲ್‌ನಿಂದ ಮೂಳೆಗೆ ದಾರಿ ಮಾಡಿಕೊಂಡು ರಾಡ್ ಹೋಗಬೇಕಾದ ದಾರಿ ತೋರುವ ತಂತಿ, ಗೈಡ್ ವೈರ್ ಇಳಿಸುತ್ತೇವೆ. ಆಪರೇಷನ್ ನಡುವೆಯೇ ಎಕ್ಸ್‌ರೇ ತೋರಿಸುವ ಸಿ-ಆರ್ಮ್ ಯಂತ್ರದ ಪರದೆಯಲ್ಲಿ ವೈರ್ ಮುರಿದ ಜಾಗ ದಾಟಿ ಕೆಳಗಿನ ತುಂಡಿಗೆ ಹೋದದ್ದನ್ನು ಎರಡು ಕೋನಗಳಿಂದಲೂ ನೋಡದೆ ನಾನು ಮುಂದುವರಿಯುವುದಿಲ್ಲ. ಆಮೇಲೆ ರೀಮರ್, ಮೂಳೆಯ ಪೊಳ್ಳನ್ನು ಕೊರೆದು ಅಗಲ ಮಾಡುವ ಸಾಧನ. ಅರ್ಧರ್ಧ ಮಿಲಿಮೀಟರ್ ಹೆಚ್ಚಿಸುತ್ತಾ ಹೋದಂತೆ ಒಂದು ಹಂತದಲ್ಲಿ ಅದು ಗಟ್ಟಿ ಮೂಳೆಯ ಗೋಡೆಗೆ ತಾಗಿ ಕಟಕಟ ಎನ್ನುತ್ತದೆ, ಕೈಗೂ ಗೊತ್ತಾಗುತ್ತದೆ. ಅಲ್ಲಿಂದ ಸ್ವಲ್ಪ ಮಾತ್ರ ಮುಂದೆ ಹೋಗಿ, ಕೊರೆದ ಅಳತೆಗಿಂತ 1ರಿಂದ 1.5 ಮಿ.ಮೀ. ಸಣ್ಣ ರಾಡ್ ಆರಿಸುತ್ತೇನೆ. ಹೀಗೆ ಕೊರೆಯುವಾಗ (ರೀಮಿಂಗ್) ರಕ್ತ ತಡೆಯುವ ಪಟ್ಟಿ ಟೂರ್ನಿಕೆ ಬಿಗಿಯುವುದಿಲ್ಲ, ಮೂಳೆ ಬಿಸಿಯಾಗದಂತೆ ರಕ್ತ ಹರಿಯುತ್ತಿರಬೇಕು. ಕೊರೆದಾಗ ಉದುರುವ ಮೂಳೆಪುಡಿ ಮುರಿದ ಸಂದಿಗೆ ಸೇರಿ ಕೂಡಿಕೊಳ್ಳಲು ನೆರವಾಗುತ್ತದೆ.

ಮೇಲಿನ ಮೂರನೇ ಒಂದು ಭಾಗದಲ್ಲಿ ಮುರಿದಿದ್ದರೆ ಮಾತ್ರ ಇಷ್ಟು ಸಲೀಸಲ್ಲ. ಅಲ್ಲಿ ಪೊಳ್ಳು ಅಗಲ, ರಾಡ್‌ಗೆ ಹಿಡಿತ ಸಿಗದೆ ಮೂಳೆ ಮುಂದಕ್ಕೆ ಬಾಗುತ್ತದೆ. ರಾಡ್ ಅತ್ತಿತ್ತ ಸರಿಯದಂತೆ ಪಕ್ಕದಲ್ಲಿ ತಡೆಯಾಗಿ ಪೋಲರ್ ಸ್ಕ್ರೂ ಹಾಕಿ ರಾಡ್‌ನ ದಾರಿಯನ್ನು ಇಕ್ಕಟ್ಟು ಮಾಡುತ್ತೇನೆ. ಕೊನೆಗೆ ಮೇಲೂ ಕೆಳಗೂ ರಾಡನ್ನು ಮೂಳೆಗೆ ಬಿಗಿಯುವ ಲಾಕಿಂಗ್ ಸ್ಕ್ರೂ.

ಆ ರಾತ್ರಿ ನೋವು ಏರುತ್ತಲೇ ಹೋದರೆ ಡ್ಯೂಟಿ ಡಾಕ್ಟರು ಬರೀ ಇಂಜೆಕ್ಷನ್ ಕೊಟ್ಟು ಸುಮ್ಮನಾಗಕೂಡದು. ಕಾಲ್ಬೆರಳನ್ನು ಮೆಲ್ಲಗೆ ಬಗ್ಗಿಸಿ ನೋಡಬೇಕು. ರೋಗಿ ಚೀರಿದರೆ ಮಾಂಸದೊಳಗೆ ಒತ್ತಡ ಏರುತ್ತಿರಬಹುದು, ಅದು ಬೆಳಗಿನವರೆಗೆ ಕಾಯುವ ವಿಷಯವಲ್ಲ.

ನಾನು ಹೆಚ್ಚು ಹೊತ್ತು ಮಾತಾಡುವುದು ಮಾರನೆಯ ದಿನ. ವಾಕರ್ ತರಿಸಿದರೆ ಮನೆಯವರಿಗೆ ಗಾಬರಿ. "ಮೂರು ತಿಂಗಳು ಕಾಲು ನೆಲಕ್ಕೆ ಇಡಬಾರದಂತೆ ಅಲ್ವಾ ಡಾಕ್ಟ್ರೇ? ರಾಡ್ ಬಗ್ಗಿಬಿಟ್ರೆ?" ಎಂದು ತಾಯಂದಿರು ಕೇಳುತ್ತಾರೆ. "ರಾಡ್ ಮೂಳೆ ಕೂಡಿಸಲ್ಲಮ್ಮ, ಬಳ್ಳಿಗೆ ಊರುಗೋಲು ಕೊಟ್ಟ ಹಾಗೆ ನೆಟ್ಟಗೆ ಹಿಡ್ಕೊಂಡಿರುತ್ತೆ ಅಷ್ಟೆ. ಹೆಜ್ಜೆ ಇಟ್ರೆ ತಾನೆ ಮೂಳೆ ಬೆಳೆಯೋದು" ಎನ್ನುತ್ತೇನೆ. ಮಧ್ಯದಲ್ಲಿ ಮುರಿದು ಎರಡೂ ತುದಿ ಚೆನ್ನಾಗಿ ಕೂತಿದ್ದರೆ ತಾಳುವಷ್ಟು ಭಾರ ಹಾಕಿಸುತ್ತೇನೆ. ಪುಡಿಪುಡಿಯಾಗಿದ್ದರೆ, ಕೀಲಿನವರೆಗೆ ಬಿರುಕಿದ್ದರೆ ಸ್ವಲ್ಪ ತಡ. ಹೆಜ್ಜೆ ಊರಿದಾಗ ಮುರಿದಲ್ಲಿ ಆಗುವ ಕಣ್ಣಿಗೆ ಕಾಣದಷ್ಟು ಅಲುಗಾಟವೇ ಬೆಸೆಯುವ ಹೊಸ ಮೂಳೆಗೆ, ಅಂದರೆ ಕ್ಯಾಲಸ್‌ಗೆ ಪ್ರಚೋದನೆ.

ಸುಮಾರು ಆರು ವಾರಕ್ಕೆ ಎಕ್ಸ್‌ರೇಯಲ್ಲಿ ಮೋಡದಂಥ ಮಸುಕು ಕಾಣತೊಡಗುತ್ತದೆ. ನಾಲ್ಕು ಬದಿಗಳಲ್ಲಿ ಮೂರರಲ್ಲಿ ಹೊಸ ಮೂಳೆ ಸೇತುವೆ ಕಟ್ಟಿ, ಊರಿದಾಗ ನೋವಿಲ್ಲದಿದ್ದರೆ ಕೂಡಿದೆ ಎಂದು ಹೇಳುತ್ತೇನೆ. ಸಾಮಾನ್ಯವಾಗಿ ಅದಕ್ಕೆ ನಾಲ್ಕೈದು ತಿಂಗಳು. ಬೀಡಿ, ಸಿಗರೇಟು ಸೇದುವವರಲ್ಲಿ ಇನ್ನೂ ತಡ, ಚರ್ಮ ಹರಿದು ಮೂಳೆ ಹೊರಬಂದವರಲ್ಲೂ ತಡ. ಆಗ ತಾಳ್ಮೆ ಬೇಕು. 2008ರಲ್ಲಿ ಪ್ರಕಟವಾದ ಸ್ಪ್ರಿಂಟ್ ಅಧ್ಯಯನದಲ್ಲಿ 1,200ಕ್ಕೂ ಹೆಚ್ಚು ಟಿಬಿಯಾ ರೋಗಿಗಳಿದ್ದರು. ಮೂಳೆ ಕೂಡಿಲ್ಲವೆಂಬ ಕಾರಣಕ್ಕೆ ಆರು ತಿಂಗಳೊಳಗೆ ಮತ್ತೆ ಆಪರೇಷನ್ ಮಾಡಕೂಡದೆಂಬುದು ಅಲ್ಲಿನ ನಿಯಮ. ಕಾದಾಗ ಎರಡನೇ ಆಪರೇಷನ್ ಬೇಕಾದವರು ಅಂದುಕೊಂಡದ್ದಕ್ಕಿಂತ ಕಡಿಮೆಯಾದರು. ಚರ್ಮ ಹರಿಯದ ಮುರಿತದಲ್ಲಿ ರೀಮಿಂಗ್ ಮಾಡಿದ್ದು ಒಳ್ಳೆಯದೇ ಆಯಿತೆಂದೂ ಅದು ತೋರಿಸಿತು. ನಾಲ್ಕನೇ ತಿಂಗಳಿಗೇ "ಇನ್ನೊಂದು ಆಪರೇಷನ್ ಮಾಡಿಬಿಡಿ" ಎನ್ನುವವರನ್ನು ನಡೆಯಲು ಹೇಳಿ ಕಳಿಸುವ ಧೈರ್ಯ ನನಗೆ ಅಲ್ಲಿಂದ ಬಂತು.

ಮಂಡಿಯ ಮುಂಭಾಗದಲ್ಲಿ ನೋವು ಉಳಿಯಬಹುದೆಂದು ಮಾತ್ರ ಆಪರೇಷನ್‌ಗೆ ಮೊದಲೇ ಹೇಳಿಬಿಡುತ್ತೇನೆ. ನಮಾಜಿಗೆ ಮಂಡಿಯೂರುವವರಿಗೆ, ಕಳೆ ಕೀಳಲು ಕೂರುವವರಿಗೆ ಅದು ದಿನನಿತ್ಯದ ಕಷ್ಟ. ತೊಂದರೆ ಇಲ್ಲದಿದ್ದರೆ ರಾಡ್ ಒಳಗೇ ಇರಲಿ. ತೆಗೆಯಲೇಬೇಕೆಂದರೆ ಮೂಳೆ ಪೂರ್ತಿ ಗಟ್ಟಿಯಾದ ಮೇಲೆ, ಒಂದೂವರೆ-ಎರಡು ವರ್ಷ ಕಳೆದು ಬನ್ನಿ ಎನ್ನುತ್ತೇನೆ. ತೆಗೆದರೂ ಆ ನೋವು ಎಲ್ಲರಿಗೂ ಹೋಗುವುದಿಲ್ಲ.