ಬ್ಯಾಡಗಿ ದಲಾಲಿ ಅಂಗಡಿಯ ಫಾಕ್ಸ್‌ಪ್ರೊ ಲೆಕ್ಕವನ್ನು ಎಐ ಹಚ್ಚಿ ಹೊಸದಕ್ಕೆ ಇಳಿಸಿದ ರೀತಿ

ಬ್ಯಾಡಗಿಯ ಒಂದು ಮೆಣಸಿನಕಾಯಿ ದಲಾಲಿ ಅಂಗಡಿಯ ವಿಶುವಲ್ ಫಾಕ್ಸ್‌ಪ್ರೊ (ಮೈಕ್ರೋಸಾಫ್ಟ್‌ನ ಹಳೇ ಡೇಟಾಬೇಸ್ ಸಾಧನ) ಲೆಕ್ಕದ ಪ್ರೋಗ್ರಾಂ ಈಗ ಪೂರ್ತಿ ಪೈಥಾನ್ ಭಾಷೆ ಮತ್ತು ಎಸ್‌ಕ್ಯೂಲೈಟ್ ಡೇಟಾಬೇಸ್ ಮೇಲೆ ಓಡುತ್ತಿದೆ. ಸೀಸನ್‌ನಲ್ಲಿ ಒಂದೇ ದಿನಕ್ಕೆ ಲಕ್ಷ ಚೀಲ ದಾಟುವ ಮಾರುಕಟ್ಟೆ ಅದು. ಸೋಮವಾರ, ಗುರುವಾರದ ಟೆಂಡರ್ ಗದ್ದಲದಲ್ಲೂ ರೈತನಿಗೆ ಕೊಡುವ ಒಂದು ಪಟ್ಟಿಯ (ಮಾರಾಟದ ಲೆಕ್ಕದ ಚೀಟಿ) ಲೆಕ್ಕವೂ ತಪ್ಪಿ ವಾಪಸ್ ಬಂದಿಲ್ಲ. "ಎಐಗೆ ಫಾಕ್ಸ್‌ಪ್ರೊ ಎಲ್ಲಿ ತಿಳೀತದ, ರೊಕ್ಕದ ಲೆಕ್ಕಕ್ಕ ಅದನ್ನ ನಂಬಬ್ಯಾಡ" ಅಂದವರು ಹುಬ್ಬಳ್ಳಿಯಲ್ಲಿ ನನ್ನ ಜೊತೆಗೇ ಕೋಡ್ ಬರೆಯುವ ಗೆಳೆಯರು. ಬೇರೆ ಕಡೆಯಿಂದ ಅಂಗಡಿಗೆ ಬಂದ ಕೊಟೇಶನ್ ನಾಲ್ಕೂವರೆ ಲಕ್ಷದ ಆಜುಬಾಜು: ಆರೇಳು ಮೈಕ್ರೋಸರ್ವಿಸ್ (ಬೇರೆ ಬೇರೆಯಾಗಿ ಓಡುವ ಸಣ್ಣ ಪ್ರೋಗ್ರಾಂಗಳು), ಮೇಲೆ ತಿಂಗಳ ಕ್ಲೌಡ್ ಬಾಡಿಗೆ. ನಾನು ಒಂದೂಕಾಲು ಲಕ್ಷದೊಳಗೆ ಮುಗಿಸಿಕೊಟ್ಟೆ. ಅದರಲ್ಲಿ ಎಐ ಚಂದಾ ಮತ್ತು ಎಪಿಐ ಬಿಲ್ ಸೇರಿ ಹದಿನಾಲ್ಕು ಸಾವಿರದಷ್ಟು ಹೋಗಿರಬೇಕು. ಸರ್ವರ್ ಅಂತ ತಂದದ್ದು ಸೆಕೆಂಡ್ ಹ್ಯಾಂಡ್ ಮಿನಿ ಪಿಸಿ ಮತ್ತು ಯುಪಿಎಸ್, ಎರಡೂ ಸೇರಿ ಹದಿನೆಂಟು ಸಾವಿರ.

ಹಳೆಯದನ್ನು ಬಿಡುವ ಕಾಲವಂತೂ ಬಂದಿತ್ತು. ಫಾಕ್ಸ್‌ಪ್ರೊಗೆ ಮುಂದಿನ ಆವೃತ್ತಿ ಇಲ್ಲವೆಂದು ಮೈಕ್ರೋಸಾಫ್ಟ್ 2007ರಲ್ಲೇ ಹೇಳಿತ್ತು, 2015ರ ಜನವರಿಗೆ ಬೆಂಬಲವೂ ಮುಗಿಯಿತು. ಅಂಗಡಿಯ ಕಷ್ಟ ಅದಕ್ಕಿಂತ ಹತ್ತಿರದ್ದು. ಕರೆಂಟ್ ಹೋದಾಗ ಟೇಬಲ್ ಫೈಲಿನ ತಲೆಭಾಗ, ಅಂದರೆ ಹೆಡರ್‌ನಲ್ಲಿರುವ ದಾಖಲೆಗಳ ಎಣಿಕೆ ಒಂದು, ಫೈಲಿನಲ್ಲಿ ನಿಜವಾಗಿ ಇರುವುದು ಇನ್ನೊಂದು. ಮರುದಿನ ಮುಂಜಾನೆ ಟೇಬಲ್ಲೇ ತೆರೆಯುವುದಿಲ್ಲ. ಇಂಡೆಕ್ಸ್ ಮತ್ತೆ ಕಟ್ಟುವಷ್ಟರಲ್ಲಿ ರೈತರು ಕೌಂಟರ್ ಮುಂದೆ ನಿಂತಿರುತ್ತಾರೆ.

ಇಡೀ ಕೆಲಸ ನಿಂತಿರುವುದು ಒಂದೇ ಕಟ್ಟುನಿಟ್ಟಿನ ಮೇಲೆ: ಎಐ ಬರೆದ ಕೋಡ್ ಸರಿಯೋ ತಪ್ಪೋ ಎಂದು ಎಐ ಹೇಳಬಾರದು, ನಾನೂ ಹೇಳಬಾರದು, ಹಳೇ ಪಟ್ಟಿ ಹೇಳಬೇಕು. ಹದಿನಾಲ್ಕು ವರ್ಷದ ಸುಮಾರು 60 ಸಾವಿರ ಪಟ್ಟಿಗಳು ಅಂಗಡಿಯಲ್ಲಿದ್ದವು. ಲಾಟ್, ಚೀಲ, ತೂಕ, ದರ, ಹಮಾಲಿ, ಉಚಂತಿ (ಮುಂಗಡ), ನಿವ್ವಳ, ಎಲ್ಲವೂ ಅಚ್ಚಾಗಿ ರೈತನ ಕೈಗೆ ಹೋಗಿ ರೊಕ್ಕ ಕೊಟ್ಟಾದ ಅಂಕಿಗಳು. ಇದಕ್ಕಿಂತ ಗಟ್ಟಿ ಟೆಸ್ಟ್ ಕೇಸ್ ಯಾರೂ ಕೂತು ಬರೆಯಲಾರರು.

ಮೊದಲು ಮಾಡಬೇಕಾದದ್ದು ಕೋಡನ್ನು ಪಠ್ಯವಾಗಿಸುವುದು. ಫಾಕ್ಸ್‌ಪ್ರೊ ಫಾರ್ಮ್, ರಿಪೋರ್ಟ್ ಎಲ್ಲ ಸ್ವತಃ ಟೇಬಲ್‌ಗಳೇ, ಕೋಡ್ ಅವುಗಳ ಮೆಮೊ ಫೀಲ್ಡಿನಲ್ಲಿ ಕೂತಿರುತ್ತದೆ. ಫಾಕ್ಸ್‌ಬಿನ್‌ಟುಪ್ರಗ್ ಎಂಬ ಮುಕ್ತ ಸಾಧನ ಅದನ್ನು ಪಠ್ಯಕ್ಕೆ ಇಳಿಸುತ್ತದೆ. ಹನ್ನೆರಡು ಸಾವಿರ ಸಾಲಿನ ಹತ್ತಿರ ಬಂತು. ಅಷ್ಟನ್ನೂ ಒಮ್ಮೆಲೇ ಎಐಗೆ ಕೊಟ್ಟು "ಪೈಥಾನ್‌ಗೆ ತಿರುಗಿಸು" ಎಂದರೆ ಕೆಲಸ ಕೆಡುತ್ತದೆ. ನೋಡಲು ಚೆಂದದ ಕೋಡ್ ಬರುತ್ತದೆ, ಆದರೆ ವಿಚಿತ್ರ ಕಂಡ ನಿಯಮಗಳನ್ನು ಅದು ತಾನೇ "ಸರಿಪಡಿಸಿ" ಬಿಟ್ಟಿರುತ್ತದೆ. ಆ ವಿಚಿತ್ರಗಳೇ ಅಂಗಡಿಯ ವ್ಯವಹಾರ. ಆದ್ದರಿಂದ ಒಂದು ಸಲಕ್ಕೆ ಒಂದೇ ಪ್ರೊಸೀಜರ್ (ಒಂದು ಕೆಲಸ ಮಾಡುವ ಕೋಡಿನ ತುಂಡು), ಅದು ಮುಟ್ಟುವ ಟೇಬಲ್‌ಗಳ ರಚನೆ, ಅದಕ್ಕೆ ತಗಲುವ ಇಪ್ಪತ್ತು ಪಟ್ಟಿ. ಹೊಂದಿಕೆಯಾದರೆ ಕಮಿಟ್ (ಬದಲಾವಣೆಯನ್ನು ದಾಖಲಿಸುವುದು), ಆಗದಿದ್ದರೆ ಪಟ್ಟಿ ನಂಬರ್, ಬಾಬತ್ತು, ಹಳೇ ಅಂಕಿ, ಹೊಸ ಅಂಕಿ ಈ ನಾಲ್ಕು ಕಾಲಮ್ಮಿನ ವರದಿಯನ್ನಷ್ಟೇ ವಾಪಸ್ ಕೊಡುವುದು. 60 ಸಾವಿರದಲ್ಲಿ ಯಾವ ಇಪ್ಪತ್ತನ್ನು ಆರಿಸಬೇಕು ಎಂಬುದರಲ್ಲಿ ಒಂದು ಕೈಚಳಕವಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ.

ವ್ಯತ್ಯಾಸ ಬಂದ ಕಡೆ ಕಾರಣಗಳು ಮೂರೇ ಜಾಗದಲ್ಲಿ ಗುಂಪಾಗಿದ್ದವು. ಇಂಥ ಕೆಲಸಕ್ಕೆ ಕೈ ಹಾಕುವವರು ಇವನ್ನು ಮೊದಲೇ ನೋಡಿಕೊಳ್ಳಿ.

ಒಂದು, ಪೈಸೆ ಸರಿಗಟ್ಟುವುದು. ನಿವ್ವಳ 1,284.50 ಬಂದರೆ ಫಾಕ್ಸ್‌ಪ್ರೊ 1,285 ಮಾಡುತ್ತದೆ. ಪೈಥಾನ್‌ನ ರೌಂಡ್ ಫಂಕ್ಷನ್ ಅರ್ಧ ಬಂದಾಗ ಸಮಸಂಖ್ಯೆಯ ಕಡೆ ಹೋಗುತ್ತದೆ, 1,284 ಕೊಡುತ್ತದೆ. ಎಐ ಪ್ರತಿ ಸಲ ಅದನ್ನೇ ಬಳಸಿತು. ಪರಿಹಾರ ಸರಳ: ರೊಕ್ಕವೆಲ್ಲ ಪೈಸೆಯಲ್ಲಿ ಪೂರ್ಣಾಂಕ, ತೂಕವೆಲ್ಲ ಗ್ರಾಂನಲ್ಲಿ ಪೂರ್ಣಾಂಕ, ಸರಿಗಟ್ಟಲು ಒಂದೇ ಒಂದು ಫಂಕ್ಷನ್, ಬೇರೆಲ್ಲೂ ರೌಂಡ್ ಎಂಬ ಪದ ಕಂಡರೆ ಟೆಸ್ಟ್ ಅಲ್ಲೇ ನಿಲ್ಲಬೇಕು.

ಎರಡು, ಪದಗಳ ಹೋಲಿಕೆ. ಫಾಕ್ಸ್‌ಪ್ರೊದಲ್ಲಿ ಎಕ್ಸಾಕ್ಟ್ ಎಂಬ ಸೆಟ್ಟಿಂಗ್ ಆಫ್ ಇದ್ದರೆ ಬಲಗಡೆಯ ಪದ ಮುಗಿಯುವವರೆಗೆ ಮಾತ್ರ ಹೋಲಿಸುತ್ತದೆ. ಖರ್ಚಿನ ಸಂಕೇತ "ಎಚ್" ಎಂದು ಕೇಳಿದರೆ "ಎಚ್1", "ಎಚ್2" ಕೂಡ ಸಿಗುತ್ತವೆ. ಹಳೇ ಪ್ರೋಗ್ರಾಂ ಹಮಾಲಿಯ ಒಳಬಾಬತ್ತುಗಳನ್ನು ಕೂಡಿಸಿದ್ದೇ ಹೀಗೆ. ಎಐ ಅದನ್ನು ಸಾದಾ ಸಮ ಚಿಹ್ನೆಗೆ ತಿರುಗಿಸಿತು, ಸಣ್ಣ ಚೀಲದ ಹಮಾಲಿ ಪಟ್ಟಿಯಿಂದ ಮಾಯವಾಯಿತು. ಕೋಡ್ ಓದಿದರೆ ಏನೂ ತಪ್ಪು ಕಾಣುವುದಿಲ್ಲ. ಹಳೇ ಪಟ್ಟಿಯ ಪಕ್ಕ ಇಟ್ಟಾಗಲೇ ಹನ್ನೆರಡು ರೂಪಾಯಿ ಕಡಿಮೆ ಎಂದು ಹೊರಬಿತ್ತು.

ಮೂರನೆಯದು ಎಲ್ಲಕ್ಕಿಂತ ಆಳದ್ದು. ಡಿಬಿಎಫ್‌ನಲ್ಲಿ (ಫಾಕ್ಸ್‌ಪ್ರೊದ ಟೇಬಲ್ ಫೈಲ್) ದಾಖಲೆ ಅಳಿಸಿದರೆ ಅದರ ಮೊದಲ ಬೈಟ್‌ನಲ್ಲಿ ನಕ್ಷತ್ರ ಚಿಹ್ನೆ ಬೀಳುತ್ತದೆ ಅಷ್ಟೇ, ಪ್ಯಾಕ್ ಆಜ್ಞೆ ಕೊಟ್ಟು ಫೈಲನ್ನು ಶುಚಿ ಮಾಡುವವರೆಗೆ ದಾಖಲೆ ಅಲ್ಲೇ ಇರುತ್ತದೆ. ಅದನ್ನು ಬಿಟ್ಟು ಓದಬೇಕೆಂದರೆ ಡಿಲೀಟೆಡ್ ಎಂಬ ಸೆಟ್ಟಿಂಗ್ ಆನ್ ಇರಬೇಕು. ಮುಖ್ಯ ಪ್ರೋಗ್ರಾಂನಲ್ಲಿ ಆನ್ ಇತ್ತು. ಆದರೆ ಖಾಸಗಿ ಡೇಟಾ ಸೆಷನ್ (ತನ್ನದೇ ಬೇರೆ ಸೆಟ್ಟಿಂಗ್‌ಗಳು) ಇರುವ ಫಾರ್ಮ್ ತೆರೆದರೆ ಅದರೊಳಗೆ ಈ ಸೆಟ್ಟಿಂಗ್ ಮೂಲಸ್ಥಿತಿಗೆ, ಅಂದರೆ ಆಫ್‌ಗೆ ಮರಳುತ್ತದೆ. ವಾರ್ಷಿಕ ವರದಿಯ ಫಾರ್ಮ್ ಅಂಥದ್ದು. ಅಂದರೆ ದಿನದ ಕಿರ್ದಿ ಸರಿ, ವರ್ಷದ ಮೊತ್ತದಲ್ಲಿ ಮಾತ್ರ ರದ್ದಾದ ಪಟ್ಟಿಗಳೂ ಸೇರುತ್ತಿದ್ದವು. ಹೊಸ ಪ್ರೋಗ್ರಾಂನ ಮೊತ್ತ ಕಡಿಮೆ ಬಂದಾಗ ಎಲ್ಲರ ಬೆರಳೂ ಎಐ ಕಡೆಗೇ ಹೋಯಿತು. ಹೀಗೆ ಬಂದಾಗ ನನ್ನ ಪದ್ಧತಿ ಇಷ್ಟು: ಮೊದಲು ಹಳೇ ತಪ್ಪನ್ನೂ ಹಾಗೇ ಇಳಿಸಿ ಪೂರ್ತಿ ಹೊಂದಿಸಬೇಕು, ಆಮೇಲೆ ಮಾಲೀಕರಿಗೆ ತೋರಿಸಿ, ಒಪ್ಪಿಗೆ ಪಡೆದು, ಬೇರೆ ಕಮಿಟ್‌ನಲ್ಲಿ ತಿದ್ದಬೇಕು. ಎರಡನ್ನೂ ಒಟ್ಟಿಗೆ ಮಾಡಿದರೆ ಯಾವ ವ್ಯತ್ಯಾಸ ಯಾತರದ್ದು ಎಂದು ಯಾರಿಗೂ ಗೊತ್ತಾಗುವುದಿಲ್ಲ.

ಎಐ ಮೇಲೆ ಇಡಬೇಕಾದ ಕಾವಲಿನ ಬಗ್ಗೆ ಒಂದು ಮಾತು. ಹೊಂದಿಕೆಯಾಗದ ಪ್ರೊಸೀಜರ್ ಒಂದರಲ್ಲಿ ಅದು ಲೆಕ್ಕ ಬಿಟ್ಟು ಹೋಲಿಸುವ ಕೋಡನ್ನೇ ಬದಲಿಸಿತು: ಒಂದು ರೂಪಾಯಿಗಿಂತ ಕಡಿಮೆ ವ್ಯತ್ಯಾಸ ಇದ್ದರೆ ಪಾಸ್. ಅದಕ್ಕೇ ಹಳೇ ಪಟ್ಟಿಯ ಫೋಲ್ಡರ್ ಮತ್ತು ಹೋಲಿಸುವ ಸ್ಕ್ರಿಪ್ಟ್ ಎರಡೂ ಬೇರೆ ಬಳಕೆದಾರನ ಹೆಸರಿನಲ್ಲಿರಬೇಕು, ಎಐಗೆ ಓದುವ ಅನುಮತಿ ಮಾತ್ರ. ಸೂಚನೆಯಲ್ಲಿ "ಮುಟ್ಟಬೇಡ" ಎಂದು ಬರೆದರೆ ಸಾಲದು, ಫೈಲ್ ಅನುಮತಿಯೇ ತಡೆಯಬೇಕು.

ರೈತರ ಹೆಸರುಗಳು ಯುನಿಕೋಡ್ ಅಲ್ಲದ ಹಳೇ ನುಡಿ ತಂತ್ರಾಂಶದ ಅಕ್ಷರದಲ್ಲಿದ್ದವು. ಅವನ್ನು ಯುನಿಕೋಡ್‌ಗೆ ತರುವ ಕೆಲಸವನ್ನು ನೇರವಾಗಿ ಎಐಗೆ ಕೊಡಬೇಡಿ. ಗೊತ್ತಿರುವ ಊರನ್ನು ಸರಿ ಮಾಡುತ್ತದೆ, ಅಪರೂಪದ ಅಡ್ಡಹೆಸರನ್ನು ತನಗೆ ಪರಿಚಯದ ಹೆಸರಿಗೆ ತಿರುಗಿಸಿಬಿಡುತ್ತದೆ. ಅದೂ ಅಲ್ಲದೆ ಯುನಿಕೋಡ್‌ನಲ್ಲಿ (ಯುಟಿಎಫ್-8 ರೂಪ) ಕನ್ನಡದ ಒಂದೊಂದು ಸಂಕೇತಕ್ಕೆ ಮೂರು ಬೈಟ್, ಟೋಕನ್ (ಎಐ ಪಠ್ಯವನ್ನು ಎಣಿಸುವ ತುಂಡು) ಬಿಲ್ ಏರುತ್ತದೆ. ರೈತರ ಹೆಸರು ಹೊರಗೆ ಹೋಗುವುದೂ ಸರಿಯಲ್ಲ. ಪರಿವರ್ತನೆಯ ಕೋಷ್ಟಕದ ಕೋಡನ್ನು ಅದು ಬರೆಯಲಿ, ಹೆಸರುಗಳು ನಮ್ಮ ಯಂತ್ರದಲ್ಲೇ ಓಡಲಿ. ಕುರ್ತಕೋಟಿ, ಲಕ್ಷ್ಮೇಶ್ವರ, ಮೊಟೇಬೆನ್ನೂರು ಈ ಮೂರು ಊರು ಸರಿ ಬಂದರೆ ಮುಕ್ಕಾಲು ಕೆಲಸ ಆದಂತೆ. ಕುರ್ತಕೋಟಿಯ ಅರ್ಕಾವತ್ತು ನುಡಿಯಲ್ಲಿ ತಕಾರದ ನಂತರ ಬರುತ್ತದೆ, ಯುನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು. "ಕೋ" ಎಂಬುದರ ಸ್ವರಚಿಹ್ನೆ ಮೂರು ತುಂಡಾಗಿ ಉಳಿದರೂ ಪರದೆಯ ಮೇಲೆ ಸರಿಯಾಗಿಯೇ ಕಾಣಬಹುದು, ಹುಡುಕಿದರೆ ಮಾತ್ರ ಸಿಗುವುದಿಲ್ಲ. ಕೊನೆಗೆ ಎಲ್ಲಕ್ಕೂ ಎನ್‌ಎಫ್‌ಸಿ ನಾರ್ಮಲೈಸೇಶನ್ (ತುಂಡುಗಳನ್ನು ಒಂದೇ ಸಂಕೇತಕ್ಕೆ ಕೂಡಿಸುವುದು) ಓಡಿಸಲೇಬೇಕು.

ಆರ್ಕಿಟೆಕ್ಚರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದೇ ಪ್ರೋಗ್ರಾಂ, ಒಂದೇ ಡೇಟಾಬೇಸ್ ಫೈಲ್, ಐದು ಕೌಂಟರ್ ಬ್ರೌಸರ್‌ನಲ್ಲಿ. ಎಸ್‌ಕ್ಯೂಲೈಟ್ ಫೈಲನ್ನು ಹಳೇ ಡಿಬಿಎಫ್ ಥರ ಶೇರ್ ಫೋಲ್ಡರ್‌ನಲ್ಲಿ ಇಡಬಾರದು. ಬದಲಾವಣೆಯನ್ನು ಮೊದಲು ಬೇರೆ ಲಾಗ್ ಫೈಲಿಗೆ ಬರೆಯುವ ಅದರ ವಾಲ್ (WAL) ಮೋಡ್ ನೆಟ್‌ವರ್ಕ್ ಡ್ರೈವ್ ಮೇಲೆ ಕೆಲಸ ಮಾಡುವುದಿಲ್ಲ. ಫೈಲ್ ಮುಟ್ಟುವುದು ಸರ್ವರ್ ಪ್ರೋಗ್ರಾಂ ಮಾತ್ರ. ಒಂದು ಕ್ಷಣಕ್ಕೆ ಒಬ್ಬರೇ ಬರೆಯಬಲ್ಲರು, ಹಾಗಾಗಿ ಸರದಿ ಕಾಯುವ ಅವಧಿ (ಬ್ಯುಸಿ ಟೈಮ್ಔಟ್) ಐದು ಸೆಕೆಂಡ್ ಇಟ್ಟಿದ್ದೇನೆ. ಐದು ಕೌಂಟರಿಗೆ ಇದು ಧಾರಾಳ.

ಪ್ರಿಂಟಿಂಗ್‌ನಲ್ಲಿ ಹೆಚ್ಚು ಹೊತ್ತು ಹೋಯಿತು. ಪಟ್ಟಿಗೆ ಕಾರ್ಬನ್ ಪ್ರತಿ ಬೇಕು, ಅಂದರೆ ಡಾಟ್ ಮ್ಯಾಟ್ರಿಕ್ಸ್ ಬಿಡುವ ಹಾಗಿಲ್ಲ. ಇಡೀ ಪುಟವನ್ನು ಚಿತ್ರವಾಗಿ ಕಳಿಸಿದರೆ ಒಂದು ಪಟ್ಟಿಗೆ ಅರ್ಧ ನಿಮಿಷದ ಹತ್ತಿರ. ಹೆಸರು, ಊರಿನ ಸಾಲು ಮಾತ್ರ ಚಿತ್ರ, ಅಂಕಿಗಳ ಸಾಲುಗಳು ಪ್ರಿಂಟರ್‌ನ ಸ್ವಂತ ಅಕ್ಷರದಲ್ಲಿ ಹೋದರೆ ಎಂಟು ಸೆಕೆಂಡಿಗೆ ಇಳಿಯುತ್ತದೆ. ಚಿತ್ರದ ಸಾಲಿನ ನಂತರ ಅಂಕಿಯ ಕಾಲಮ್ ಅಲುಗದಂತೆ ಕೂರಿಸುವ ಉಪಾಯ ನನ್ನ ಹತ್ತಿರವೇ ಇರಲಿ.

ನಡುವೆ ದನಿಯಿಂದ ದರ ತುಂಬಿಸುವ ಪ್ರಯೋಗವೂ ಆಯಿತು. "ಮೂವತ್ತೆಂಟ ಸಾವಿರದ ಐದನೂರ ಒಂಬತ್ತ" ಎಂದು ಹಾವೇರಿ ಕಡೆಯ ಮಾತಿನಲ್ಲಿ ಹೇಳಿದರೆ, ಹಮಾಲರ ಕೂಗಿನ ನಡುವೆ ಮಿನಿ ಪಿಸಿಯಲ್ಲಿ ಓಡುವ ಸಣ್ಣ ಮಾದರಿಗೆ ಅಂಕಿ ನೆಟ್ಟಗೆ ಸಿಗಲಿಲ್ಲ. ಹತ್ತರಲ್ಲಿ ಎರಡು ತಪ್ಪಿದರೂ ದರದ ವಿಷಯದಲ್ಲಿ ಅದು ನಿರುಪಯೋಗ, ಕೈಬಿಟ್ಟೆ.

ತೂಕದ ಯಂತ್ರ ಮಾತ್ರ ಒಳ್ಳೇ ಫಲ ಕೊಟ್ಟಿತು. ಇಂಡಿಕೇಟರ್‌ನ ಹಿಂದಿನ ಸೀರಿಯಲ್ ಪೋರ್ಟ್‌ನಿಂದ 9600 ಬಾಡ್‌ನಲ್ಲಿ ಅಂಕಿ ಸತತ ಬರುತ್ತಿರುತ್ತದೆ. ಬಂದ ಮೊದಲ ಅಂಕಿ ತೆಗೆದುಕೊಂಡರೆ ಚೀಲ ಅಲುಗುವಾಗಿನ ತೂಕ ಬೀಳುತ್ತದೆ; ಒಂದೇ ಅಂಕಿ ಐದು ಸಲ ಸತತ ಬಂದರೆ ಮಾತ್ರ ಸ್ವೀಕರಿಸಬೇಕು, ಮುಂದಿನ ಚೀಲಕ್ಕೆ ಮೊದಲು ಸೊನ್ನೆಗೆ ಇಳಿದದ್ದನ್ನು ನೋಡಬೇಕು. ಯುಎಸ್‌ಬಿ ಕನ್ವರ್ಟರ್ ತೀರಾ ಅಗ್ಗದ್ದು ತರಬೇಡಿ, ಸ್ವಲ್ಪ ಹೆಚ್ಚು ಕೊಟ್ಟು ಎಫ್‌ಟಿಡಿಐ ಚಿಪ್ ಇರುವುದನ್ನು ತನ್ನಿ. ಅದಕ್ಕೆ ಸ್ವಂತ ಸೀರಿಯಲ್ ನಂಬರ್ ಇರುತ್ತದೆ. ಪೋರ್ಟ್ ಹೆಸರಿನ ಬದಲು ಆ ನಂಬರಿಗೆ ಯಂತ್ರವನ್ನು ಕಟ್ಟಿದರೆ, ಕರೆಂಟ್ ಹೋಗಿ ಬಂದ ಮೇಲೆ ಒಂದನೇ ಕಾಟಾದ ತೂಕ ಎರಡನೇ ಕಾಟಾದ ಲಾಟಿಗೆ ಹೋಗುವುದಿಲ್ಲ.